ಬ್ರಿಡ್ಜ್ ರೇಡಿಯೋ ಎಷ್ಟು ದೊಡ್ಡ ಪ್ಯಾಕೆಟ್ ದಾಟಿಸುತ್ತದೆ? ಮೂರು ಬಗೆಗಳ ಹೋಲಿಕೆ

ಎರಡು ಜಾಗಗಳ ಜಾಲವನ್ನು ತಂತಿಯಿಲ್ಲದೆ ಬೆಸೆಯುವ ಬ್ರಿಡ್ಜ್ ರೇಡಿಯೋ ಕೊಳ್ಳುವವರು ವೇಗ, ದೂರ, ಬೆಲೆ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ಇದು ದಾಟಿಸುವ ಅತಿ ದೊಡ್ಡ ಫ್ರೇಮ್ (ಪ್ಯಾಕೆಟ್ಟನ್ನು ಹೊತ್ತು ಸಾಗುವ ಲಕೋಟೆ) ಎಷ್ಟು, ಆ ಅಂಕಿ ಕೈಪಿಡಿಯಲ್ಲಿ ಇದೆಯೇ? ಕೇಳಿದವರಿಗೆ ಇದೊಂದು ಗೀಳು ಎನ್ನಿಸಬಹುದು. ಆದರೆ ರೂಟರ್‌ಗೂ ಬ್ರಿಡ್ಜ್‌ಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಒಡೆಯಬಾರದು ಎಂಬ ಗುರುತಿರುವ ಪ್ಯಾಕೆಟ್ ಮಿತಿ ಮೀರಿದರೆ ರೂಟರ್ ಐಸಿಎಂಪಿ (ಜಾಲದ ತೊಂದರೆ ತಿಳಿಸುವ ವಿಧಾನ) ಸಂದೇಶ ಕಳುಹಿಸಿ, ಚಿಕ್ಕದು ಮಾಡಿಕೊಂಡು ಬಾ ಎನ್ನುತ್ತದೆ. ದಾರಿಯ ಮಿತಿಯನ್ನು ಪತ್ತೆಹಚ್ಚಲು 1990ರ ಆರ್‌ಎಫ್‌ಸಿ 1191 ಎಂಬ ಅಂತರ್ಜಾಲ ಮಾನದಂಡದ ದಾಖಲೆ ಹೇಳಿದ ವಿಧಾನ ನಿಂತಿರುವುದೇ ಈ ಸಂದೇಶದ ಮೇಲೆ. ಬ್ರಿಡ್ಜ್ ಎರಡನೇ ಪದರದ ಸಾಧನ, ಐಪಿ ವಿಳಾಸ ನೋಡದೆ ಫ್ರೇಮ್ ಅನ್ನಷ್ಟೇ ದಾಟಿಸುವಂಥದ್ದು. ಅದಕ್ಕೆ ಬಾಯಿಯೇ ಇಲ್ಲ. ದೊಡ್ಡ ಫ್ರೇಮ್ ಬಂದರೆ ಸದ್ದಿಲ್ಲದೆ ಬಿಸಾಡುತ್ತದೆ. ಪಿಂಗ್ ಹೋಗುತ್ತದೆ, ಸಣ್ಣ ಪುಟಗಳು ತೆರೆಯುತ್ತವೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಎಲ್ಲರೂ ಸರ್ವರನ್ನು ಬೈಯುತ್ತಾ ಕೂರುತ್ತಾರೆ.

ನಾನು ಪರೀಕ್ಷಿಸಿದ ವಿಧಾನ ಸರಳ. ಲಿಂಕ್‌ನ ಎರಡೂ ತುದಿಗೆ ಒಂದೊಂದು ಲಿನಕ್ಸ್ ಕಂಪ್ಯೂಟರ್, ಎರಡರ ಪೋರ್ಟ್‌ಗೂ 9000 ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟ್ ಲೆಕ್ಕದಲ್ಲಿ). ಒಡೆಯಬಾರದು ಎಂಬ ಗುರುತಿನೊಂದಿಗೆ ಪಿಂಗ್ ಗಾತ್ರವನ್ನು ಏರಿಸುತ್ತಾ ಹೋಗುವುದು. 1472 ಬೈಟ್ ಪಿಂಗ್ ಎಂದರೆ 8 ಬೈಟ್ ಐಸಿಎಂಪಿ, 20 ಬೈಟ್ ಐಪಿ ಹೆಡರ್ ಸೇರಿ ಸರಿಯಾಗಿ 1500. ಬಳಿಕ ಇದನ್ನೇ ಒಂದು ವಿಲ್ಯಾನ್ ಟ್ಯಾಗ್ (ಒಂದೇ ತಂತಿಯಲ್ಲಿ ಹಲವು ಜಾಲಗಳನ್ನು ಬೇರ್ಪಡಿಸುವ 4 ಬೈಟ್ ಗುರುತು) ಹಾಕಿ, ಆಮೇಲೆ ಎರಡು ಟ್ಯಾಗ್ ಹಾಕಿ ಮಾಡಿದೆ. ಎದುರು ದಿಕ್ಕಿನಿಂದಲೂ ಮಾಡಬೇಕು. ಎರಡು ತುದಿಯ ಫರ್ಮ್‌ವೇರ್ ಬೇರೆ ಬೇರೆಯಾಗಿದ್ದರೆ ಫಲಿತಾಂಶವೂ ಬೇರೆಯಾಗಬಹುದು.

ಮೊದಲನೆಯದು ವೈಫೈ ಚಿಪ್ ಮೇಲೆ ಕಟ್ಟಿದ 5 ಗಿಗಾಹರ್ಟ್ಸ್ ರೇಡಿಯೋ, ಮೂರರಲ್ಲಿ ಅಗ್ಗದ್ದು. ವೈಫೈನ 802.11 ಮಾನದಂಡದಲ್ಲಿ ಒಂದು ಎಂಎಸ್‌ಡಿಯುವಿನ (ಒಂದು ಫ್ರೇಮ್ ಹೊರುವ ಸರಕಿನ) ಮಿತಿ 2304 ಬೈಟ್. ಹಾಗಾಗಿ ಗಾಳಿಯಲ್ಲಿ 1500ಕ್ಕಿಂತ ಸಾಕಷ್ಟು ಹೆಚ್ಚು ಜಾಗವಿದೆ. ಅಡ್ಡಿಯಾದದ್ದು ಗಾಳಿಯಲ್ಲ, ತಂತಿಯ ಕಡೆಯ ಈಥರ್ನೆಟ್ ಪೋರ್ಟ್. ಒಂದು ಟ್ಯಾಗ್ ಇರುವ ಪೂರ್ಣ ಗಾತ್ರದ ಫ್ರೇಮ್, ಅಂದರೆ 1500ಕ್ಕೆ ಈಥರ್ನೆಟ್ಟಿನ 18, ಟ್ಯಾಗಿನ 4 ಸೇರಿ 1522 ಬೈಟ್, ಸಲೀಸಾಗಿ ಹೋಯಿತು. ಎರಡನೇ ಟ್ಯಾಗ್ ಸೇರಿ 1526 ಆದ ಕೂಡಲೇ ಮೌನ. ಸೆಟ್ಟಿಂಗ್ ಪುಟದಲ್ಲಿ ಎಂಟಿಯು ಎಂಬ ಚೌಕವೇನೋ ಇದೆ, ದೊಡ್ಡ ಅಂಕಿ ಕೊಟ್ಟರೆ ವಿನಯದಿಂದ ಉಳಿಸಿಕೊಳ್ಳುತ್ತದೆ ಕೂಡ. ಆದರೆ ಅದು ರೇಡಿಯೋವಿನ ಸ್ವಂತ ಐಪಿ ವಿಳಾಸಕ್ಕೆ ಸಂಬಂಧಿಸಿದ್ದು. ದಾಟಿಹೋಗುವ ಫ್ರೇಮ್‌ಗೂ ಅದಕ್ಕೂ ನಂಟಿಲ್ಲ. ಡೇಟಾಶೀಟ್‌ನಲ್ಲಿ ಆಂಟೆನಾದ ತೂಕ, ಗಾಳಿಯ ಹೊಡೆತ ತಡೆಯುವ ಶಕ್ತಿ ಎಲ್ಲವೂ ಉಂಟು. ಫ್ರೇಮ್ ಗಾತ್ರ ಮಾತ್ರ ಇಲ್ಲ.

ಎರಡನೆಯದು 60 ಗಿಗಾಹರ್ಟ್ಸ್ ರೇಡಿಯೋ. ಡೇಟಾಶೀಟ್ "ಜಂಬೋ ಫ್ರೇಮ್ ಬೆಂಬಲ" ಎನ್ನುತ್ತದೆ, ಅಂಕಿ ಕೊಡುವುದಿಲ್ಲ. ಜಂಬೋ ಎಂದರೆ 9000 ಎಂದೇ ಹೆಚ್ಚಿನವರು ಓದಿಕೊಳ್ಳುತ್ತಾರೆ. 9000 ಹೋಗಲಿಲ್ಲ, 7900ರ ಆಸುಪಾಸಿನಲ್ಲಿ ನಿಂತಿತು. 60 ಗಿಗಾಹರ್ಟ್ಸ್ ವೈಫೈನ ಮಾನದಂಡ 802.11ಎಡಿ ಓದಿದವರಿಗೆ ಇದು ಅಚ್ಚರಿಯಲ್ಲ: ಅಲ್ಲಿ ಎಂಎಸ್‌ಡಿಯು ಮಿತಿ 7920 ಬೈಟ್, ಅದರೊಳಗೇ 8 ಬೈಟ್ ಎಲ್ಎಲ್‌ಸಿ ಹೆಡರ್ ಹೋಗುತ್ತದೆ. ಟ್ಯಾಗ್‌ಗಳಿಗೂ ಟನಲ್‌ಗಳಿಗೂ ಇಷ್ಟು ಧಾರಾಳವಾಗಿ ಸಾಕು. ಒಂದು ಜಾಲದ ಫ್ರೇಮ್ ಅನ್ನು ಇನ್ನೊಂದರ ಪ್ಯಾಕೆಟ್ಟಿನೊಳಗೆ ಇಟ್ಟು ಸಾಗಿಸುವ ಟನಲ್ ಆದ ವಿಎಕ್ಸ್‌ಲ್ಯಾನ್ ಕೇಳುವುದು ಹೆಚ್ಚುವರಿ 50 ಬೈಟ್ ಮಾತ್ರ.

ಆದರೆ ಇದರ ನಿಜವಾದ ತೊಡಕು ಬೇರೆ ಕಡೆ ಇದೆ. 60 ಗಿಗಾಹರ್ಟ್ಸ್ ಅಲೆಯನ್ನು ಗಾಳಿಯ ಆಮ್ಲಜನಕವೇ ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್ ಹೀರುತ್ತದೆ, ಮಳೆ ಬಂದರೆ ಇನ್ನಷ್ಟು. ಅದಕ್ಕಾಗಿ ಇದರಲ್ಲಿ ಆಪತ್ಕಾಲದ ಬದಲಿಯಾಗಿ ಒಂದು 5 ಗಿಗಾಹರ್ಟ್ಸ್ ರೇಡಿಯೋವನ್ನೂ ಇಟ್ಟಿದ್ದಾರೆ. ಮುಖ್ಯ ಅಲೆಯನ್ನು ಬೇಕೆಂದೇ ಅಡ್ಡಗಟ್ಟಿ ಪರೀಕ್ಷಿಸಿದಾಗ ಲಿಂಕ್ ಕಡಿಯಲಿಲ್ಲ, ಸೊಗಸಾಗಿ ಬದಲಿ ರೇಡಿಯೋಗೆ ಹೊರಳಿತು. ಫ್ರೇಮ್ ಮಿತಿ ಮಾತ್ರ ಅದರೊಂದಿಗೇ 1600ಕ್ಕಿಂತ ಕೆಳಗೆ ಕುಸಿಯಿತು. ಅಂದರೆ ದೊಡ್ಡ ಪ್ಯಾಕೆಟ್‌ಗಳು ಬಿಸಿಲಿನಲ್ಲಿ ಹೋಗುತ್ತವೆ, ಮಳೆಯಲ್ಲಿ ಮಾಯವಾಗುತ್ತವೆ. ಬದಲಿ ರೇಡಿಯೋವಿನ ವೇಗವನ್ನು ಕೈಪಿಡಿ ಕೊಂಡಾಡುತ್ತದೆ, ಅದರ ಮಿತಿಯ ಬಗ್ಗೆ ಒಂದಕ್ಷರವಿಲ್ಲ. ಮೊದಲ ರೇಡಿಯೋ ಕನಿಷ್ಠ ಎಲ್ಲ ಕಾಲದಲ್ಲೂ ಒಂದೇ ರೀತಿ ಜಿಪುಣವಾಗಿತ್ತು.

ಮೂರನೆಯದು ಪರವಾನಗಿ ಬೇಕಾದ ಮೈಕ್ರೋವೇವ್ ಲಿಂಕ್. ದುಬಾರಿ, ಭಾರ, ಜೋಡಿಸುವುದಕ್ಕೆ ತಾಳ್ಮೆ ಬೇಕು. ಇದರ ಕೈಪಿಡಿ ಓದುವುದು ಮಾತ್ರ ಸುಖ. ಗರಿಷ್ಠ ಫ್ರೇಮ್ 9600 ಬೈಟ್, ಎಫ್‌ಸಿಎಸ್ ಸೇರಿ ಎಂದು ಸ್ಪಷ್ಟವಾಗಿ ಬರೆದಿದೆ (ಎಫ್‌ಸಿಎಸ್ ಎಂದರೆ ಫ್ರೇಮ್ ಕೊನೆಯಲ್ಲಿ ದೋಷ ಪತ್ತೆಗೆ ಇಡುವ ಬೈಟ್‌ಗಳು); ಪರೀಕ್ಷೆಯಲ್ಲಿ 9000 ಎಂಟಿಯು ನಿರಾತಂಕವಾಗಿ ಹೋಯಿತು. ಆರ್‌ಎಫ್‌ಸಿ 2544 ಜಾಲಸಾಧನಗಳ ಪರೀಕ್ಷೆಗೆ ಸೂಚಿಸುವ ಗಾತ್ರಗಳಾದ 64ರಿಂದ 1518 ಬೈಟ್‌ವರೆಗೆ ಪ್ರತಿಯೊಂದಕ್ಕೂ ವೇಗ ಎಷ್ಟು ಎಂಬ ಕೋಷ್ಟಕವೂ ಇದೆ. 64 ಬೈಟ್ ಸಾಲಿನ ವೇಗದಲ್ಲಿ ಹೆಡರ್ ಸಂಕೋಚನದ ಕೈವಾಡ ಇರುತ್ತದೆ, ಅದನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದಾರೆ.

ಎಫ್‌ಸಿಎಸ್ ಸೇರಿ ಎಂಬ ಆ ಎರಡು ಪದ ಎಷ್ಟು ಮುಖ್ಯ ಎಂಬುದು ಬೇರೆ ಡೇಟಾಶೀಟ್ ಓದಿದಾಗ ತಿಳಿಯುತ್ತದೆ. ಬರೀ "1600" ಎಂದರೆ ಏನು? ಐಪಿ ಪ್ಯಾಕೆಟ್ಟೇ, 14 ಬೈಟ್ ಈಥರ್ನೆಟ್ ಹೆಡರ್ ಸೇರಿದ್ದೇ, ಕೊನೆಯ 4 ಬೈಟ್ ಎಫ್‌ಸಿಎಸ್ ಕೂಡ ಸೇರಿದ್ದೇ? ಹೀಗೆ 18 ಬೈಟ್ ಗೊಂದಲ, ಅಂದರೆ ನಾಲ್ಕು ವಿಲ್ಯಾನ್ ಟ್ಯಾಗ್‌ಗಿಂತ ಹೆಚ್ಚು. ಈ ವಿಷಯದಲ್ಲಿ ಜಾಲಸಾಧನ ತಯಾರಕ ಮೈಕ್ರೋಟಿಕ್‌ನ ದಾಖಲೆ ನನಗೆ ಮಾದರಿಯಾಗಿ ಕಾಣುತ್ತದೆ: ಎಂಟಿಯು ಬೇರೆ, ಎರಡನೇ ಪದರದ ಎಂಟಿಯು ಬೇರೆ ಎಂದು ಚಿತ್ರ ಸಮೇತ ಬಿಡಿಸಿ, ಮಾದರಿವಾರು ಪೋರ್ಟ್‌ಗಳ ಮಿತಿಯನ್ನು ಪಟ್ಟಿ ಮಾಡಿದ್ದಾರೆ. ವೈರ್‌ಲೆಸ್ ಇಂಟರ್‌ಫೇಸ್‌ಗೆ 2290 ಎಂದು ಬರೆದಿದ್ದಾರೆ. 2304ರ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಆ 14 ಬೈಟ್ ಹೆಡರಿನಷ್ಟೇ; ಅದು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ.

ಜಂಬೋದಿಂದ ವೇಗ ಹೆಚ್ಚುತ್ತದೆ ಎಂಬ ವಾದಕ್ಕೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ತಂತಿಯಲ್ಲಿ 1500ರಿಂದ 9000ಕ್ಕೆ ಹೋದರೆ ಟಿಸಿಪಿ ದಕ್ಷತೆ ಶೇ 95ರಿಂದ 99ಕ್ಕೆ ಏರುತ್ತದೆ, ನಿಜ. ಆದರೆ ವೈಫೈ ಮೂಲದ ರೇಡಿಯೋಗಳು ಹಲವು ಫ್ರೇಮ್‌ಗಳನ್ನು ಒಟ್ಟುಗೂಡಿಸಿಯೇ ಗಾಳಿಗೆ ಬಿಡುತ್ತವೆ, 802.11ಎನ್‌ನಲ್ಲೇ ಆ ಮೂಟೆ 65,535 ಬೈಟ್ ತನಕ ಬೆಳೆಯುತ್ತದೆ. ಬ್ರಿಡ್ಜ್‌ನಿಂದ ನನಗೆ ಬೇಕಾದದ್ದು 1500ರ ಮೇಲೆ ನೂರು ಬೈಟ್ ಸಡಿಲು. ಎರಡು ಟ್ಯಾಗ್, ಒಂದು ವಿಪಿಎಲ್‌ಎಸ್ ಅಥವಾ ವಿಎಕ್ಸ್‌ಲ್ಯಾನ್ ಟನಲ್ ಅದರಲ್ಲಿ ಹಿಡಿಸುತ್ತದೆ. ಆರ್‌ಎಫ್‌ಸಿ 4638ರ ಪ್ರಕಾರ ಪಿಪಿಪಿಒಇ (ಬ್ರಾಡ್‌ಬ್ಯಾಂಡಿನ ಲಾಗಿನ್ ಸಂಪರ್ಕ) ಮೇಲೆ ಪೂರ್ಣ 1500 ಸಾಗಿಸಲು ಬೇಕಾದ 1508 ಕೂಡ.

ಟ್ಯಾಗ್ ಒಂದೇ ಇರುವ, ಟನಲ್ ಇಲ್ಲದ ಜಾಲಕ್ಕೆ ಮೊದಲನೆಯದು ಸಾಕು. ದುಡ್ಡಿದ್ದು ಎಂಪಿಎಲ್‌ಎಸ್ (ಪ್ಯಾಕೆಟ್ಟಿಗೆ ಲೇಬಲ್ ಅಂಟಿಸಿ ಸಾಗಿಸುವ ವಿಧಾನ) ಓಡಿಸುವವರಿಗೆ ಮೂರನೆಯದು. ಎರಡನೆಯದನ್ನೇ ನಾನು ಇಟ್ಟುಕೊಂಡಿದ್ದೇನೆ, ಆದರೆ ಎರಡೂ ಕಡೆಯ ರೂಟರ್‌ಗಳಲ್ಲಿ ಎಂಟಿಯುವನ್ನು ಬದಲಿ ರೇಡಿಯೋ ತಾಳುವ ಮಟ್ಟಕ್ಕೇ ಇಳಿಸಿ, ಟಿಸಿಪಿಗೆ ಎಂಎಸ್‌ಎಸ್ (ಒಂದು ಪ್ಯಾಕೆಟ್ಟಿನೊಳಗಿನ ಟಿಸಿಪಿ ಸರಕಿನ ಗಾತ್ರ) ಮಿತಿಯನ್ನೂ ಹಾಕಿದ್ದೇನೆ. ಫರ್ಮ್‌ವೇರ್ ಬದಲಾದಾಗಲೆಲ್ಲ ಅದೇ ಪಿಂಗ್ ಪರೀಕ್ಷೆಯನ್ನು ಮತ್ತೆ ಮಾಡುತ್ತೇನೆ, ಮುಖ್ಯ ಅಲೆಯನ್ನು ಅಡ್ಡಗಟ್ಟಿಯೂ ಸೇರಿದಂತೆ.