ಹೊಸ ಮನೆಗೆ ಸರೌಂಡ್ ಸ್ಪೀಕರ್ ವೈರಿಂಗ್ ಮಾಡಿಸ್ತಿದ್ದೀರಾ? ಪುಟ್ಟಿ ಬಳಿಯೋಕೆ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ. ಗೋಡೆಯೊಳಗೆ ಹೋಗೋ ವೈರನ್ನ, ಗೋಡೆ ಮುಚ್ಚೋಕೆ ಮುಂಚೆ, ನಿಮ್ಮ ಕೈಯಾರೆ ಬ್ಲೇಡಿನಿಂದ ಕೆರೆದು, ಒಳಗೂ ತಾಮ್ರವೇ ಇದೆಯಾ ಅಂತ ನೋಡಿ. ಪುರುಸೊತ್ತಿಲ್ಲದವರಿಗೆ ಇಷ್ಟು ಸಾಕು. ಪುರುಸೊತ್ತಿದ್ದವರು ಮುಂದೆ ಓದಿ, ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ.

ಮೈಸೂರಲ್ಲಿ ನಮ್ಮ ಮನೆ. ಮಹಡಿ ಮೇಲಿನ 12 ಅಡಿ ಅಗಲ, 16 ಅಡಿ ಉದ್ದದ ರೂಮನ್ನ ಸಿನಿಮಾಗೆ ಅಂತಲೇ ನಾನು ಪ್ಲಾನಿನಲ್ಲಿ ಹಟ ಹಿಡಿದು ಹಾಕಿಸಿಕೊಂಡಿದ್ದು. 5.1 ಸೆಟ್. ಟಿವಿ ಅಕ್ಕಪಕ್ಕ ಎರಡು, ನಡುವೆ ಸೆಂಟರ್, ಸೋಫಾ ಹಿಂದೆ ಎರಡು ಸರೌಂಡ್, ಮೂಲೆಗೆ ದಪ್ಪ ಸದ್ದಿನ ಸಬ್‌ವೂಫರ್. ಮನೆಗೆ ಕರೆಂಟ್ ಕೆಲಸ ಮಾಡಿದ ಹುಡುಗ "ಅಕ್ಕಾ, ಇದನ್ನೂ ನಾನೇ ಎಳೆದುಕೊಡ್ತೀನಿ" ಅಂದಿದ್ದ. ಇದಕ್ಕೆ ಅಂತಲೇ ಇರೋರು ಮಾಡಲಿ ಅಂತ ಬೆಂಗಳೂರಿಂದ ಒಬ್ಬ 'ಹೋಮ್ ಥಿಯೇಟರ್ ಸ್ಪೆಷಲಿಸ್ಟ್' ಆಸಾಮಿಯನ್ನ ಕರೆಸಿದೆವು. ಹೆಸರು ಹಾಕಲ್ಲ, ಕೇಳಬೇಡಿ. ಕಂಪ್ಲೇಂಟ್ ನಡೀತಿದೆ.

ಕೊಟೇಶನ್ ನೋಡಬೇಕಿತ್ತು ನೀವು. ಬಣ್ಣಬಣ್ಣದ ಪಿಡಿಎಫ್, ಮೊದಲ ಪುಟದಲ್ಲಿ ಯಾರದೋ ಅರಮನೆಯಂಥ ಥಿಯೇಟರ್. ಒಳಗೆ ಸ್ಪಷ್ಟವಾಗಿ ಬರೆದಿತ್ತು: 14 ಗೇಜ್ (ಗೇಜ್ ನಂಬರ್ ಕಮ್ಮಿ ಆದಷ್ಟೂ ವೈರ್ ದಪ್ಪ) ಓಎಫ್‌ಸಿ ವೈರ್, ಅಂದ್ರೆ ಶುದ್ಧ ತಾಮ್ರದ್ದು, ಪ್ರತಿ ಸ್ಪೀಕರಿಗೂ ಬೇರೆ ಕಂಡ್ಯೂಟ್ ಪೈಪ್, ಸಬ್‌ವೂಫರಿಗೆ ಶೀಲ್ಡ್ (ಪಕ್ಕದ ಕರೆಂಟ್ ಗದ್ದಲ ತಡೆಯೋ ಲೋಹದ ಹೊದಿಕೆ) ಇರೋ ಕೇಬಲ್. ಮೀಟರಿಗೆ 160 ರೂಪಾಯಿ. ಸ್ವಲ್ಪ ಜಾಸ್ತಿ ಆಯ್ತಲ್ಲ ಅಂದಿದ್ದಕ್ಕೆ ಬ್ಯಾಗಿನಿಂದ ಒಂದು ತುಂಡು ವೈರ್ ತೆಗೆದು ಕೈಗಿಟ್ಟ. ತೂಕವಾಗಿತ್ತು. ಕತ್ತರಿಸಿದ ತುದಿಯಲ್ಲೂ ಕೆಂಪಗಿತ್ತು. "ಮೇಡಂ, ಇದು ಒಂದು ಸಲ ಗೋಡೆಗೆ ಹೋದ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ" ಅಂದ. ಆ ತುಂಡು ಮಾತ್ರ ನಿಜವಾಗಲೂ ತಾಮ್ರವೇ. ಅದು ಅವನ ಬ್ಯಾಗಿನಲ್ಲೇ ಇದೆ, ಈಗ ಇನ್ಯಾರದೋ ಮನೆಯಲ್ಲಿ ಅದನ್ನೇ ತೋರಿಸ್ತಿರ್ತಾನೆ.

ಗ್ರೂವ್ ಹೊಡೆದು ವೈರ್ ಎಳೆಯೋ ದಿನ ನಾನು ಬರ್ತೀನಿ ಅಂದೆ. "ಬರಬೇಡಿ ಮೇಡಂ, ಧೂಳು. ಫೋಟೋ ಕಳಿಸ್ತೀನಿ." ಫೋಟೋ ಬಂತು. ಗೋಡೆಯಲ್ಲಿ ನೀಟಾಗಿ ಪೈಪ್ ಕೂತಿದೆ, ಕ್ಲಾಂಪ್ ಹೊಡೆದಿದೆ, ಬೆಂಡ್ ಹಾಕಿದೆ. ನಾನು ಥಂಬ್ಸ್ ಅಪ್ ಬೇರೆ ಹಾಕಿದೆ. ಆ ಫೋಟೋ ವಿಷಯಕ್ಕೆ ಆಮೇಲೆ ಬರ್ತೀನಿ, ಅದನ್ನ ನೆನೆಸಿಕೊಂಡ್ರೆ ಈಗಲೂ ಮೈ ಪರಚಿಕೊಳ್ಳೋ ಹಾಗಾಗುತ್ತೆ.

ಗೃಹಪ್ರವೇಶ ಆಯ್ತು, ಪೇಂಟ್ ಆಯ್ತು, ಸೆಟ್ ಕೂರಿಸಿದ್ದೂ ಆಯ್ತು. ಮೊದಲ ದಿನದಿಂದಲೇ ಸಬ್‌ವೂಫರ್ ಸುಮ್ಮನಿದ್ದಾಗಲೂ ಗುಂಯ್ ಅಂತಿತ್ತು. "ಹೊಸದಲ್ವಾ ಮೇಡಂ, ಸೆಟ್ ಆಗುತ್ತೆ" ಅಂದ. ಸಬ್‌ವೂಫರ್ ಏನು ಹೊಸ ಚಪ್ಪಲಿಯಾ ಸೆಟ್ ಆಗೋಕೆ!

ಒಂದು ಭಾನುವಾರ ನಮ್ಮೆಜಮಾನರ ಅಕ್ಕ ಭಾವ ಬಂದ್ರು. ಹೊಗಳಿಕೊಂಡು ಹೊಗಳಿಕೊಂಡು ಮೇಲೆ ಕರ್ಕೊಂಡು ಹೋದೆ, ಲೈಟ್ ಆರಿಸಿ ಜೋರು ಮಳೆ ಇರೋ ಸೀನ್ ಹಾಕಿದೆ. ಬಲಗಡೆ ಮಾತ್ರ ಮಳೆ. ಎಡಗಡೆ ಹಿಂದಿನ ಸ್ಪೀಕರ್ ಉಸಿರೇ ಎತ್ತಲಿಲ್ಲ. ಭಾವ ಕತ್ತಲಲ್ಲೇ "ಎಡಗಡೆ ಬರಗಾಲ ಅನ್ಸುತ್ತೆ" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಕುದೀತಿದ್ದೆ.

ಆಸಾಮಿಗೆ ಫೋನ್ ಮಾಡಿದ್ರೆ ಮುಂದಿನ ವಾರ, ಅದರ ಮುಂದಿನ ವಾರ. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಹುಡುಗನನ್ನೇ ಕರೆದೆ. ಸ್ಪೀಕರ್ ಹಿಂದಿನ ಪ್ಲೇಟ್ ಬಿಚ್ಚಿದ. ವೈರ್ ಮುಟ್ಟಿದ್ದಷ್ಟೇ, ಸ್ಕ್ರೂ ಹತ್ರ ಎಳೆಗಳು ಪಟ್ ಅಂತ ಮುರಿದು ಕೈಗೆ ಬಂದ್ವು. ಅವನು ಮಾತಾಡಲಿಲ್ಲ. ಜೇಬಿನಿಂದ ಬ್ಲೇಡ್ ತೆಗೆದು ಒಂದು ಎಳೆಯನ್ನ ಉಗುರಿನ ಮೇಲಿಟ್ಟು ಮೆಲ್ಲಗೆ ಕೆರೆದ. ಮೇಲಿನ ಕೆಂಪು ಪುಡಿಯಾಗಿ ಉದುರಿತು, ಒಳಗೆ ಬೆಳ್ಳಗೆ. "ಅಕ್ಕಾ, ಇದು ಕಾಪರ್ ಅಲ್ಲ. ಅಲ್ಯೂಮಿನಿಯಂಗೆ ಕಾಪರ್ ಬಳಿದಿದ್ದಾರೆ."

ಸಿಸಿಎ ಅಂತಾರಂತೆ. ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ರೆಸಿಸ್ಟೆನ್ಸ್, ತೂಕ ಅರ್ಧಕ್ಕಿಂತ ಕಡಿಮೆ. ಸ್ಕ್ರೂ ಬಿಗಿದ ಕಡೆ, ಮಡಚಿದ ಕಡೆ ಬೇಗ ಮುರಿಯುತ್ತೆ. ಮೇಲ್ಗಡೆ 14 ಗೇಜ್ ಅಂತ ಪ್ರಿಂಟ್ ಇತ್ತು, ಪ್ಲಾಸ್ಟಿಕ್ ದಪ್ಪ, ಒಳಗಿನ ಎಳೆ 16 ಗೇಜಿನಷ್ಟೂ ಇರಲಿಲ್ಲ. ಒಂದು ತುದಿ ಜೋಡಿಸಿ ಇನ್ನೊಂದು ತುದಿಗೆ ಮೀಟರ್ ಇಟ್ಟ, ಮುಕ್ಕಾಲು ಓಮ್ ಮೇಲೆ ತೋರಿಸಿತು. ನಮ್ಮದು 6 ಓಮ್ ಸ್ಪೀಕರ್. ವೈರಿನ ರೆಸಿಸ್ಟೆನ್ಸ್ ಅದರ 5% ಒಳಗೆ, ಅಂದ್ರೆ 0.3 ಓಮ್ ಒಳಗೆ ಇರಬೇಕು. ಹೇಳಿದ ವೈರನ್ನೇ ಹಾಕಿದ್ರೆ ಅಷ್ಟರಲ್ಲೇ ಮುಗೀತಿತ್ತು. ನಾನು ದುಡ್ಡು ಕೊಟ್ಟಿದ್ದು ಅದಕ್ಕೇ ತಾನೆ?

ಹೋಗ್ಲಿ, ಪೈಪ್ ಇದೆಯಲ್ಲ, ಈ ದರಿದ್ರದ್ದನ್ನ ಎಳೆದು ಒಳ್ಳೇದು ಹಾಕು ಅಂದೆ. ಎಳೆದ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಎಳೆದ, ಪ್ಲೇಟಿನ ಸುತ್ತ ಪುಟ್ಟಿ ಬಿರುಕು ಬಿಡ್ತು. ಒಂದು ಗೇಣು ಒಡೆದು ನೋಡಿದ್ರೆ ಪೈಪೇ ಇಲ್ಲ. ವೈರನ್ನ ಹಾಗ್ಹಾಗೇ ಗ್ರೂವ್‌ನಲ್ಲಿಟ್ಟು ಮೇಲೆ ಸಿಮೆಂಟ್ ಮೆತ್ತಿದ್ದಾರೆ.

ಆಗ ವಾಟ್ಸಾಪ್ ತೆಗೆದು ಆ ಫೋಟೋ ನೋಡಿದೆ. ಪೈಪ್ ಇದೆಯಲ್ಲ, ಇಲ್ಲಿ ಇದೆಯಲ್ಲ, ಅಂತ ದೊಡ್ಡದು ಮಾಡಿ ನೋಡ್ತಾ ನೋಡ್ತಾ ಪಕ್ಕದ ಕಿಟಕಿ ಕಣ್ಣಿಗೆ ಬಿತ್ತು. ಸ್ಲೈಡಿಂಗ್ ಕಿಟಕಿ. ನಮ್ಮ ಮನೆಯಲ್ಲಿ ಒಂದೇ ಒಂದು ಸ್ಲೈಡಿಂಗ್ ಕಿಟಕಿ ಇಲ್ಲ, ಎಲ್ಲಾ ಮರದ ಚೌಕಟ್ಟು! ಬೇರೆ ಯಾರದೋ ಮನೆ ಗೋಡೆ ಕಳಿಸಿ ನನ್ನಿಂದ ಥಂಬ್ಸ್ ಅಪ್ ತಗೊಂಡಿದ್ದಾನೆ. ವೈರ್ ಮೋಸಕ್ಕಿಂತ ಇದು ಜಾಸ್ತಿ ಚುಚ್ಚಿತು.

ಸಬ್‌ವೂಫರ್ ಗುಟ್ಟೂ ಅವತ್ತೇ ಬಯಲಾಯ್ತು. ಶೀಲ್ಡ್ ಕೇಬಲ್ ಹಾಕೇ ಇಲ್ಲ. ಮಿಕ್ಕಿದ ಸ್ಪೀಕರ್ ವೈರಿಗೆ ಎರಡು ಕಡೆ ಆರ್‌ಸಿಎ ಪಿನ್ (ಆಡಿಯೋ ಕೇಬಲ್ ತುದಿಗಿರೋ ಪಿನ್) ಬೆಸುಗೆ ಹಾಕಿ, ಎಸಿ ಪಾಯಿಂಟಿನ 230 ವೋಲ್ಟ್ ಲೈನ್ ಪಕ್ಕದಲ್ಲೇ ಒಯ್ದಿದ್ದಾರೆ. ಆ ಕೇಬಲ್‌ನಲ್ಲಿ ಬರೋ ಸಿಗ್ನಲ್ ತುಂಬಾ ಸಣ್ಣದು, ಶೀಲ್ಡ್ ಇಲ್ಲದಿದ್ರೆ ಪಕ್ಕದ ಲೈನಿನ 50 ಹರ್ಟ್ಸ್ ಅದಕ್ಕೆ ಹತ್ತಿಕೊಳ್ಳುತ್ತೆ. ಅದೇ ಆ ಗುಂಯ್. ಅದು ಸೆಟ್ ಆಗುತ್ತಂತೆ!

ಈಗ ಆಸಾಮಿಯ ಉತ್ತರಗಳು. ಕೆರೆದ ವೈರಿನ ಫೋಟೋ ಕಳಿಸಿದೆ.

"ಮೇಡಂ ಸೌಂಡ್ ಬರ್ತಿದೆಯಲ್ಲ?"

ಬರ್ತಿಲ್ಲ, ಎಡಗಡೆ ಬರ್ತಿಲ್ಲ, ಅದಕ್ಕೇ ಬಿಚ್ಚಿದ್ದು ಅಂದೆ.

"ಎಲ್ಲಾ ಕಡೆ ಇದೇ ಹಾಕೋದು ಮೇಡಂ, ಯಾರೂ ಕೇಳಲ್ಲ." ಇದು ಒಪ್ಪಿಕೊಂಡಿದ್ದೋ ಬೈದಿದ್ದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕೊಟೇಶನ್‌ನಲ್ಲಿ ಓಎಫ್‌ಸಿ ಅಂತ ಇದೆ ಅಂದೆ. "ಓಎಫ್‌ಸಿ ಗ್ರೇಡ್ ಅಂತ ಮೇಡಂ ಅದು." ಗ್ರೇಡ್ ಅನ್ನೋ ಪದ ಅದರಲ್ಲಿ ಎಲ್ಲೂ ಇಲ್ಲ, ಸ್ಕ್ರೀನ್‌ಶಾಟ್ ಹಾಕಿದೆ. ಎರಡು ನೀಲಿ ಟಿಕ್, ಉತ್ತರ ಇಲ್ಲ. ರಾತ್ರಿ ಬಂತು ನೋಡಿ: "ಇದು ಟೆಕ್ನಿಕಲ್ ವಿಷಯ ಮೇಡಂ, ಸರ್ ಹತ್ರ ಫೋನ್ ಕೊಡಿ."

ದುಡ್ಡು ನನ್ನ ಅಕೌಂಟಿಂದ ಹೋಗಿದ್ದು. ಸ್ಪೀಕರ್ ಆರಿಸಿದ್ದು ನಾನು. ನಮ್ಮೆಜಮಾನರಿಗೆ ರಿಮೋಟಿನಲ್ಲಿ ಇನ್‌ಪುಟ್ ಬದಲಾಯಿಸೋದೂ ಬರಲ್ಲ, ಅದನ್ನ ಅವರೇ ಫೋನ್ ತಗೊಂಡು ಆಸಾಮಿಗೆ ಹೇಳಿದ್ರು. ಆಗ ವರಸೆ ಬದಲಾಯ್ತು. "ಆಯ್ತು ಸರ್, ವೈರ್ ಬದಲಾಯಿಸಿಕೊಡ್ತೀನಿ, ಮೀಟರಿಗೆ ಡಿಸ್ಕೌಂಟ್ ಕೊಡ್ತೀನಿ. ಗೋಡೆ ಒಡೆಯೋದು, ಪುಟ್ಟಿ, ಪೇಂಟ್ ಎಲ್ಲಾ ನಿಮ್ಮದು." ಅವನು ಹಾಕದ ವೈರಿಗೆ ನಾನು ಇನ್ನೊಂದು ಸಲ ದುಡ್ಡು ಕೊಡಬೇಕಂತೆ, ಡಿಸ್ಕೌಂಟಿನಲ್ಲಿ!

ಬಿಲ್ಲಿನಲ್ಲಿ ಏನಿದೆ ಗೊತ್ತಾ? "ಆಡಿಯೋ ವರ್ಕ್ಸ್, 1 ಲಾಟ್." ಗೇಜ್ ಇಲ್ಲ, ಮೀಟರ್ ಇಲ್ಲ, ತಾಮ್ರ ಇಲ್ಲ. ಮೇಲೆ 18% ಜಿಎಸ್‌ಟಿ ಮಾತ್ರ ಪೈಸೆ ಲೆಕ್ಕದಲ್ಲಿ ಇದೆ. ಕೊಟೇಶನ್‌ನಲ್ಲಿದ್ದ ಪ್ರತಿ ಸಾಲೂ ಬಿಲ್ಲಿನಲ್ಲಿ ಹಾಗೇ ಬರಬೇಕು ಅಂತ ಹಟ ಹಿಡೀರಿ, ಬರದಿದ್ರೆ ಬಾಕಿ ದುಡ್ಡು ಕೊಡಬೇಡಿ. ಗ್ರೂವ್ ಹೊಡೆಯೋ ದಿನ ಧೂಳು ಕುಡಿದರೂ ಪರವಾಗಿಲ್ಲ, ಅಲ್ಲೇ ನಿಂತಿರಿ. ಪೈಪ್ ಕೂತ ಮೇಲೆ ನಿಮ್ಮ ಫೋನಿನಲ್ಲಿ, ನಿಮ್ಮ ಕಿಟಕಿ ಕಾಣೋ ಹಾಗೆ ಫೋಟೋ ತೆಗೀರಿ. ಬಂಡಲ್ ತೂಗಿ ನೋಡಿ, ತುದಿ ಕೆರೆದು ನೋಡಿ. ಕರೆಂಟ್ ಲೈನಿಗೂ ಇದಕ್ಕೂ ಒಂದಡಿಯಾದರೂ ದೂರ ಇರಲಿ. ಗೋಡೆ ಮುಚ್ಚೋ ಮುಂಚೆ ಪ್ರತಿ ವೈರಿಗೂ ಒಂದು ಸ್ಪೀಕರ್ ಸಿಕ್ಕಿಸಿ, ಈ ತುದಿಯಲ್ಲಿ ಗಡಿಯಾರದ 1.5 ವೋಲ್ಟ್ ಶೆಲ್ಲನ್ನ, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್, ಒಂದು ಕ್ಷಣ ಮುಟ್ಟಿಸಿ. ಟಪ್ ಅಂದು ಸ್ಪೀಕರಿನ ಕೋನ್ (ಅಲುಗಾಡೋ ಮುಂಭಾಗ) ಹೊರಗೆ ಬಂದ್ರೆ ಪ್ಲಸ್ ಮೈನಸ್ ಸರಿ ಇದೆ. ಇದನ್ನ ಹೇಳಿಕೊಟ್ಟಿದ್ದೂ ನಮ್ಮ ಹುಡುಗನೇ, ಸ್ಪೆಷಲಿಸ್ಟ್ ಅಲ್ಲ.

ಗೋಡೆ ಒಡೆಸಲಿಲ್ಲ, ಇನ್ನೂ ಗೃಹಪ್ರವೇಶದ ಪೇಂಟ್ ವಾಸನೆ ಹೋಗಿಲ್ಲ. ಹುಡುಗ ನಿಜವಾದ ತಾಮ್ರದ ವೈರ್ ತಂದು ನೆಲದ ಸ್ಕರ್ಟಿಂಗ್ ಮೇಲೆ ಬಿಳಿ ಪಟ್ಟಿ ಹೊಡೆದು ಒಳಗೆ ಎಳೆದಿದ್ದಾನೆ, ಸಬ್‌ವೂಫರಿಗೆ ಶೀಲ್ಡ್ ಕೇಬಲ್ ಹಾಕಿದ್ದಾನೆ. ಗುಂಯ್ ನಿಂತಿದೆ. ನೋಡೋಕೆ ಪಟ್ಟಿ ಚೆನ್ನಾಗಿಲ್ಲ, ಬಂದವರೆಲ್ಲ "ಇದ್ಯಾಕೆ ಹೊರಗೆ?" ಅಂತ ಕೇಳೇ ಕೇಳ್ತಾರೆ, ನಾನು ಪ್ರತಿ ಸಲ ಈ ಕಥೆ ಹೇಳಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಅಲ್ಲಿ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗಿನ ಕೇಸಿಗೆ ಶುಲ್ಕ ಇಲ್ಲ.

ಅಂದಹಾಗೆ ನಾನು ಕೊನೇ ಕಂತು 8,000 ರೂಪಾಯಿ ತಡೆಹಿಡಿದಿದ್ದೀನಿ. ಆಸಾಮಿ ಇನ್ನೂ ಮೆಸೇಜ್ ಮಾಡ್ತಾನೇ ಇದ್ದಾನೆ, "ಮೇಡಂ ಬ್ಯಾಲೆನ್ಸ್ ಯಾವಾಗ?" ನಾನು ಆ ಸ್ಲೈಡಿಂಗ್ ಕಿಟಕಿ ಫೋಟೋ ಫಾರ್ವರ್ಡ್ ಮಾಡಿ, ಈ ಮನೆಯವರನ್ನ ಕೇಳಿ ಅಂತ ಹಾಕ್ತಿದ್ದೀನಿ.