ಆರದ ಹ್ಯಾಂಡ್ ಬ್ರೇಕ್ ದೀಪ: ಪ್ರಯತ್ನಿಸಿ ನೋಡಿದ ಉಪಾಯಗಳ ಹೋಲಿಕೆ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಕಾರಿನ ಮೀಟರ್ ಬೋರ್ಡಿನಲ್ಲಿರುವ ಬ್ರೇಕಿನ ಕೆಂಪು ದೀಪವು, ಹ್ಯಾಂಡ್ ಬ್ರೇಕನ್ನು ಪೂರ್ತಿ ಇಳಿಸಿದ ಮೇಲೂ ಉರಿಯತೊಡಗಿತು. ಬಾಬಾಬುಡನ್‌ಗಿರಿಯಿಂದ ಕೈಮರದ ಕಡೆಗೆ ಇಳಿಯುವಾಗ ತಿರುವುಗಳಲ್ಲಷ್ಟೇ ಮಿನುಗುತ್ತಿದ್ದ ಅದು, ಆಷಾಢ ಕಳೆಯುವಷ್ಟರಲ್ಲಿ ಚಿಕ್ಕಮಗಳೂರು ಪೇಟೆಯೊಳಗೂ ಆರದಾಯಿತು. ಹಿಂದಿನ ಚಕ್ರಗಳು ಬಿಸಿಯಾಗುತ್ತಿರಲಿಲ್ಲ. ಇಳಿಜಾರಿನಲ್ಲಿ ಕಾರು ಸಲೀಸಾಗಿ ಉರುಳುತ್ತಿತ್ತು. ಆದ್ದರಿಂದ ಬ್ರೇಕ್ ಹಿಡಿದುಕೊಂಡಿಲ್ಲವೆಂಬುದು ಖಚಿತವಾಗಿತ್ತು. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆಯ ದೀಪವೂ ಜೊತೆಗೆ ಉರಿದಿದ್ದರೆ ನಾನು ಕೈಹಾಕದೆ ನೇರವಾಗಿ ಗ್ಯಾರೇಜಿಗೆ ಒಯ್ಯುತ್ತಿದ್ದೆ.

ಇಂಥ ಹಳೆಯ ಕಾರುಗಳಲ್ಲಿ ಈ ಒಂದು ದೀಪಕ್ಕೆ ಇಬ್ಬರು ಯಜಮಾನರು. ಹ್ಯಾಂಡ್ ಬ್ರೇಕ್ ಲಿವರಿನ ಬುಡದಲ್ಲಿರುವ ಚಿಕ್ಕ ಸ್ವಿಚ್ಚು ಒಬ್ಬ: ಲಿವರ್ ಇಳಿದಾಗ ಅದರ ಗುಂಡಿ ಒತ್ತಿಕೊಂಡು ಸಂಪರ್ಕ ಕಡಿಯುತ್ತದೆ, ಎತ್ತಿದಾಗ ಗುಂಡಿ ಹೊರಬಂದು ವೈರನ್ನು ಕಾರಿನ ಲೋಹದ ಮೈಗೆ ಸೇರಿಸಿ (ಅರ್ಥ್ ಮಾಡಿ) ದೀಪ ಹೊತ್ತಿಸುತ್ತದೆ. ಬಾನೆಟ್ಟಿನ ಕೆಳಗೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ತೇಲುವ ಬೆಂಡು ಇನ್ನೊಬ್ಬ: ಆಯಿಲ್ ಇಳಿದಂತೆ ತಾನೂ ಇಳಿದು ಅದು ಅದೇ ದೀಪವನ್ನು ಹೊತ್ತಿಸುತ್ತದೆ. ತಿರುವಿನಲ್ಲಿ ಅಥವಾ ಇಳಿಜಾರಿನಲ್ಲಿ ದೀಪ ಮಿನುಗಿದರೆ ಆಯಿಲ್ ಕಡಿಮೆಯಾಗಿ ಒಂದು ಬದಿಗೆ ಸರಿಯುತ್ತಿದೆಯೆಂದೂ, ಗುಂಡಿಬಿದ್ದ ರಸ್ತೆಯ ಕುಲುಕಿಗೆ ಮಿನುಗಿದರೆ ಸ್ವಿಚ್ಚಿನ ಮೇಲೆಯೇ ಅನುಮಾನವೆಂದೂ ತಿಳಿಯಬೇಕು. ಇದು ನನಗೆ ಗೊತ್ತಿದ್ದೂ ಎರಡು ತಿಂಗಳು ಅಲೆದೆ. ಏಕೆಂದರೆ ನನ್ನ ಕಾರಿನಲ್ಲಿ ಎರಡೂ ದೋಷಗಳು ಒಟ್ಟಿಗೇ ಇದ್ದವು.

ಮೊದಲು ಮಾಡಿದ್ದು ಖರ್ಚಿಲ್ಲದ ಪರೀಕ್ಷೆ. ಕೀಲಿ ತಿರುಗಿಸಿ, ಆಯಿಲ್ ಡಬ್ಬಿಯ ಕನೆಕ್ಟರ್ ಕಳಚಿದೆ, ದೀಪ ಆರಲಿಲ್ಲ. ಅದನ್ನು ಮರಳಿ ಸಿಕ್ಕಿಸಿ ಲಿವರಿನ ಸ್ವಿಚ್ಚಿನ ವೈರ್ ಕಳಚಿದೆ, ಆಗಲೂ ಆರಲಿಲ್ಲ. ಎರಡೂ ಸರಿಯಾಗಿವೆ, ವೈರನ್ನು ಎಲ್ಲೋ ಇಲಿ ಕಡಿದಿರಬೇಕೆಂದು ತೀರ್ಮಾನಿಸಿದೆ. ತೋಟದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಿಗೆ ಈ ಅನುಮಾನ ಸಹಜ. ಒಂದು ಗ್ಯಾರೇಜಿನಲ್ಲಿ ಮೀಟರ್ ಬೋರ್ಡನ್ನೇ ಬದಲಿಸಬೇಕೆಂದರು. ಒಪ್ಪದೆ ಹಿಂದಿರುಗಿದೆ.

ಅನಂತರ ಕೊಂಡ ಅಗ್ಗದ ಓಬಿಡಿ ಸ್ಕ್ಯಾನರ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅದು ಎಂಜಿನ್ನಿನ ದೋಷಸಂಕೇತಗಳನ್ನು ಓದುವ ಸಾಧನ. ನನ್ನ ಕಾರಿನ ಬ್ರೇಕ್ ದೀಪವು ನೇರ ವೈರಿನ ಮೇಲೆ ನಡೆಯುವುದರಿಂದ, ಕೆಂಪು ದೀಪ ಕಣ್ಣೆದುರು ಉರಿಯುತ್ತಿದ್ದರೂ ಅದು ಯಾವ ದೋಷವೂ ಇಲ್ಲವೆಂದೇ ತೋರಿಸಿತು.

ಮೂರನೆಯದು ಲಿವರಿನ ಸ್ವಿಚ್ಚಿಗೆ ತುಕ್ಕು ಬಿಡಿಸುವ ಸ್ಪ್ರೇ. ಎರಡು ಸೀಟುಗಳ ನಡುವೆ ಒದ್ದೆ ಕೊಡೆ ಇಡುವ ಅಭ್ಯಾಸ ನಮ್ಮ ಮನೆಯವರೆಲ್ಲರಿಗೂ ಇದೆ. ನೀರು ಹೋಗಿ ಸೇರುವುದು ಸರಿಯಾಗಿ ಅಲ್ಲಿಗೇ. ಸ್ಪ್ರೇ ಹೊಡೆದು ಗುಂಡಿಯನ್ನು ಹತ್ತಾರು ಸಲ ಒತ್ತಿದರೂ ದೀಪದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾಲ್ಕನೆಯದು ಬ್ರೇಕ್ ಆಯಿಲ್. ಡಬ್ಬಿಯಲ್ಲಿ ಮಟ್ಟ ಕೆಳಗೆರೆಯ ಹತ್ತಿರವಿತ್ತು. ಮುಚ್ಚಳದ ಮೇಲೆ ಬರೆದಿದ್ದಂತೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತಂದು ಮೇಲ್ಗೆರೆಯವರೆಗೆ ತುಂಬಿಸಿದೆ. ಘಾಟಿಯ ತಿರುವುಗಳಲ್ಲಿ ಮಿನುಗುವುದು ನಿಂತಿತು. ಆದರೆ ಆಲ್ದೂರಿನ ಕಡೆಯ ರಸ್ತೆಗುಂಡಿಗಳಲ್ಲಿ ದೀಪ ಮತ್ತೆ ಹೊತ್ತಿತು.

ಆಗಷ್ಟೇ ಮೊದಲ ದಿನದ ತಪ್ಪು ಹೊಳೆಯಿತು. ಒಂದನ್ನು ಕಳಚಿದಾಗ ಇನ್ನೊಂದು ದೀಪವನ್ನು ಉರಿಸುತ್ತಲೇ ಇತ್ತು. ಎರಡನ್ನೂ ಏಕಕಾಲಕ್ಕೆ ಕಳಚಿಡಬೇಕಿತ್ತು. ಸ್ಪ್ರೇ ಫಲ ಕೊಟ್ಟಿದ್ದರೂ ಆಯಿಲ್ ಕಡಿಮೆಯಿದ್ದುದರಿಂದ ಅದು ನನಗೆ ಕಾಣುವಂತಿರಲಿಲ್ಲ. ಈ ಸಲ ಸ್ವಿಚ್ಚಿನ ವೈರ್ ಕಳಚಿದೊಡನೆ ದೀಪ ಆರಿತು. ಸ್ವಿಚ್ಚನ್ನು ಬಿಚ್ಚಿ, ನಾನೂರು ರೂಪಾಯಿಯ ಮಲ್ಟಿಮೀಟರನ್ನು, ಸಂಪರ್ಕವಿದ್ದರೆ ಸದ್ದು ಮಾಡುವ ಬೀಪ್ ಗುರುತಿಗೆ ತಿರುಗಿಸಿ ಹಿಡಿದೆ: ಗುಂಡಿ ಪೂರ್ತಿ ಒತ್ತಿದಾಗ ಸದ್ದು ನಿಲ್ಲಬೇಕು, ನನ್ನದು ಮೂರು ಸಲಕ್ಕೊಮ್ಮೆ ಕೂಗುತ್ತಲೇ ಇತ್ತು. ಹೊಸ ಸ್ವಿಚ್ಚಿಗೆ ಮೀಟರಿಗಿಂತ ಕಡಿಮೆ ಹಣವಾಯಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಆಯಿಲ್ ತುಂಬಿಸುವುದನ್ನೂ ಒಳ್ಳೆಯ ಉಪಾಯವೆಂದು ಬರೆಯುತ್ತಿದ್ದೆನೇನೋ. ಆದರೆ ಮುಚ್ಚಿದ ವ್ಯವಸ್ಥೆಯಲ್ಲಿ ಆಯಿಲ್ ಸುಮ್ಮನೆ ಇಳಿಯುವುದಿಲ್ಲ. ಸೋರಿರಬೇಕು, ಇಲ್ಲವೆ ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಸವೆದಿರಬೇಕು. ಪ್ಯಾಡ್ ತೆಳುವಾದಷ್ಟೂ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಸರಿದು ನಿಲ್ಲುತ್ತದೆ, ಅದರ ಹಿಂದಿನ ಜಾಗವನ್ನು ಡಬ್ಬಿಯ ಆಯಿಲ್ ತುಂಬಿಕೊಳ್ಳುತ್ತದೆ. ಮುಂದಿನ ಚಕ್ರಗಳನ್ನು ಬಿಚ್ಚಿಸಿದಾಗ ಒಂದು ಬದಿಯ ಪ್ಯಾಡ್ 3 ಮಿಲಿಮೀಟರಿಗೆ ಬಂದಿತ್ತು. ದೀಪ ಎಚ್ಚರಿಸಿದ್ದು ಅದನ್ನೇ, ನಾನು ಆಯಿಲ್ ಸುರಿದು ಅದರ ಬಾಯಿ ಮುಚ್ಚಿಸಿದ್ದೆ. ಹೊಸ ಪ್ಯಾಡ್ ಕೂರಿಸಲು ಮೆಕ್ಯಾನಿಕ್ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ ನಾನು ತುಂಬಿಸಿದ್ದೆಲ್ಲ ಡಬ್ಬಿಯಿಂದ ಉಕ್ಕಿತು; ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ತಿನ್ನುವುದರಿಂದ ಅವರು ತಕ್ಷಣ ನೀರು ಹಾಕಿ ತೊಳೆದರು. "ಸಾರ್, ಮೊದ್ಲು ಪ್ಯಾಡ್ ನೋಡ್ಬೇಕಿತ್ತು, ಆಮೇಲೆ ಆಯಿಲ್" ಎಂದು ಬೇಸರವಿಲ್ಲದೆ ಹೇಳಿದರು.

ಹೀಗಾಗಿ ನಾಲ್ಕರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಎರಡೂ ಕನೆಕ್ಟರುಗಳನ್ನು ಒಟ್ಟಿಗೆ ಕಳಚಿ, ಒಂದೊಂದಾಗಿ ಮರಳಿ ಸಿಕ್ಕಿಸಿ ನೋಡುವ ಪರೀಕ್ಷೆಗೆ, ಅದರ ಬೆನ್ನಿಗೆ ಮಲ್ಟಿಮೀಟರಿಗೆ. ಸ್ಪ್ರೇ ಹೆಚ್ಚೆಂದರೆ ಹೊಸ ಸ್ವಿಚ್ಚು ಬರುವವರೆಗಿನ ತಾತ್ಕಾಲಿಕ ಏರ್ಪಾಡು. ಪ್ಯಾಡ್ ನೋಡದೆ ಆಯಿಲ್ ತುಂಬಿಸುವುದನ್ನು ಸ್ಕ್ಯಾನರಿಗಿಂತಲೂ ಕೆಳಗಿಡುತ್ತೇನೆ, ಸ್ಕ್ಯಾನರ್ ಏನನ್ನೂ ಮರೆಮಾಚಲಿಲ್ಲ. ಅದನ್ನು ಈಗ ಹಾಸನದಲ್ಲಿರುವ ತಮ್ಮನಿಗೆ ಕೊಟ್ಟಿದ್ದೇನೆ. ಅವನ ಕಾರಿನಲ್ಲಿ ಉರಿಯುತ್ತಿರುವುದು ಎಂಜಿನ್ ದೀಪ.