ದಾವಣಗೆರೆಯಿಂದ ಫ್ಲೈಟ್ ಡ್ಯೂಟಿಗೆ ವಂದೇ ಭಾರತ್: ಓಡಾಡಿ ನೋಡಿದ ಮೇಲೆ ಬರೆದದ್ದು

ನಾನು ಕ್ಯಾಬಿನ್ ಕ್ರೂ, ಅಂದರೆ ವಿಮಾನದ ಒಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವವಳು. ಡ್ಯೂಟಿ ಶುರುವಾಗುವ ಊರು, ಅಂದರೆ ಬೇಸ್, ಬೆಂಗಳೂರು; ಮನೆ ದಾವಣಗೆರೆಯ ವಿದ್ಯಾನಗರ. ಮಧ್ಯೆ ಸುಮಾರು 260 ಕಿ.ಮೀ. ಮನೆಯಲ್ಲಿ ಅಮ್ಮ ಒಬ್ಬರೇ, ಹಾಗಾಗಿ ಎರಡು ದಿನ ಆಫ್ ಸಿಕ್ಕರೂ ಊರಿಗೆ ಬಂದುಬಿಡುತ್ತೇನೆ.

ಮೊದಲು ರಾತ್ರಿ ಸ್ಲೀಪರ್ ಬಸ್ಸಲ್ಲಿ ಹೋಗುತ್ತಿದ್ದೆ. ಒಂದು ಸಲ ಹಿರಿಯೂರು ದಾಟಿ ಪಂಕ್ಚರ್ ಆಯಿತು. ಬೆಳಗಿನ ಜಾವ 5:15ಕ್ಕೆ ರಿಪೋರ್ಟಿಂಗ್ (ಡ್ಯೂಟಿಗೆ ಹಾಜರಾಗುವ ಹೊತ್ತು), ಬಸ್ಸು ಗೊರಗುಂಟೆಪಾಳ್ಯಕ್ಕೆ ಬಂದಾಗ 4:50. ಏರ್‌ಪೋರ್ಟಿಗೆ ಓಡಿದರೂ ಆಗಲಿಲ್ಲ, ಬದಲಿಗೆ ಅಂತ ಕಾದಿರುವ ಸ್ಟ್ಯಾಂಡ್‌ಬೈ ಹುಡುಗಿಯನ್ನು ಕಳಿಸಿದ್ದರು. ನನ್ನ ರೆಕಾರ್ಡಲ್ಲಿ 'ಲೇಟ್' ಅಂತ ಬಿತ್ತು. ಪಂಕ್ಚರ್ ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಏನೂ ಆಗದ ದಿನವೂ ಸ್ಟಾಪ್ ತಪ್ಪುತ್ತದೇನೋ ಅಂತ ಮೂರು ಗಂಟೆಯಿಂದಲೇ ಎದ್ದು ಕೂರುತ್ತಿದ್ದೆ. ಹಾಗೆ ನಿದ್ದೆಗೆಟ್ಟು ವಿಮಾನದಲ್ಲಿ ನಿಂತು ಸೇಫ್ಟಿ ಡೆಮೊ ಕೊಡುವುದು ಸರಿಯಲ್ಲ. ಎಮರ್ಜೆನ್ಸಿ ಬಂದರೆ ಬಾಗಿಲು ತೆಗೆಯಬೇಕಾದವರು ನಾವೇ ಅಲ್ವಾ?

ಈಗ ವಂದೇ ಭಾರತ್. ಊರಿಗೆ ಬರುವಾಗ ಐದಕ್ಕೆ ಐದು ಕೊಡುತ್ತೇನೆ. ದೆಹಲಿ ಫ್ಲೈಟ್ ಮುಗಿಸಿ ರಾತ್ರಿ 2ಕ್ಕೆ ಇಳಿದು, ಡ್ಯೂಟಿ ಮುಗಿಯಿತು ಅಂತ ಸೈನ್ ಆಫ್ ಮಾಡಿ, ಏರ್‌ಪೋರ್ಟ್ ಬಸ್ಸು ವಾಯುವಜ್ರ ಕೆಐಎ-9 ಹತ್ತಿದರೆ ಮೆಜೆಸ್ಟಿಕ್, ಎದುರಿಗೇ ಸ್ಟೇಷನ್. ಧಾರವಾಡದ ರೈಲು ಬೆಳಿಗ್ಗೆ 5:45ಕ್ಕೆ ಬಿಡುತ್ತದೆ. ಒಂಬತ್ತೂವರೆ ಒಳಗೆ ದಾವಣಗೆರೆ. ರಾತ್ರಿಯೆಲ್ಲಾ ನಿಂತು ಕಾಲು ಊದಿಕೊಂಡಿರುತ್ತದೆ, ಸೀಟು ಹಿಂದಕ್ಕೆ ಮಾಡಿ ಶೂ ಬಿಚ್ಚಿ ಮಲಗಿದರೆ ಬೀರೂರು ಹೋಗಿದ್ದೂ ಗೊತ್ತಾಗುವುದಿಲ್ಲ. ನನ್ನ ಟ್ರಾಲಿ ಬ್ಯಾಗ್ ಮೇಲಿನ ರ‍್ಯಾಕಲ್ಲಿ ಸರಿಯಾಗಿ ಕೂರುತ್ತದೆ. ದುಡ್ಡು ಮಾಮೂಲಿ ರೈಲಿಗಿಂತ ಜಾಸ್ತಿ, ಆದರೆ ಆ ನಿದ್ದೆಗೆ ಕೊಡಬಹುದು. ಮಂಗಳವಾರ ಈ ರೈಲು ಇಲ್ಲ, ರೋಸ್ಟರ್ (ಡ್ಯೂಟಿ ಪಟ್ಟಿ) ನೋಡುವಾಗ ನೆನಪಿರಲಿ.

ಡ್ಯೂಟಿಗೆ ಹೋಗುವಾಗ ಲೆಕ್ಕ ಬೇರೆ. ಧಾರವಾಡದ ರೈಲು ವಾಪಸ್ ಬರುವಾಗ ಮಧ್ಯಾಹ್ನ ಮೂರೂವರೆ ಮೇಲೆ ನಮ್ಮೂರಿಗೆ ಬಂದು, ಸಂಜೆ ಏಳರ ನಂತರ ಯಶವಂತಪುರ ಮುಟ್ಟುತ್ತದೆ. ಬೆಳಗಿನ ಜಾವದ ಫ್ಲೈಟಿಗೆ ಇದು ಸರಿ, ಆದರೆ ಬೆಂಗಳೂರಲ್ಲಿ ಮಲಗಲು ಜಾಗ ಬೇಕು. ನಾವು ನಾಲ್ಕು ಜನ ಯಲಹಂಕದಲ್ಲಿ ಒಂದು ರೂಮ್ ಹಿಡಿದಿದ್ದೇವೆ. ಹುಬ್ಬಳ್ಳಿಯವಳು, ಹಾವೇರಿಯವಳು, ಚಿತ್ರದುರ್ಗದವಳು, ನಾನು. ನಾಲ್ವರೂ ಒಂದೇ ರಾತ್ರಿ ಇರುವುದು ಅಪರೂಪ. ರೂಮಿಲ್ಲದಿದ್ದರೆ ಕಂಪನಿ ಕ್ಯಾಬೂ ಇಲ್ಲ, ಯಾಕೆಂದರೆ ಪಿಕಪ್‌ಗೆ ಬೆಂಗಳೂರಿನ ಅಡ್ರೆಸ್ಸೇ ಬೇಕು.

2025ರ ಆಗಸ್ಟಲ್ಲಿ ಬೆಳಗಾವಿ ವಂದೇ ಭಾರತ್ ಶುರುವಾದ ಮೇಲೆ ಸಂಜೆ ರಿಪೋರ್ಟಿಂಗ್ ಇರುವವರಿಗೆ ಬಹಳ ಅನುಕೂಲ. ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ದಾವಣಗೆರೆಯಲ್ಲಿ ಹತ್ತಿದರೆ ಮಧ್ಯಾಹ್ನ ಒಂದರ ಹೊತ್ತಿಗೆ ಯಶವಂತಪುರ. ಅಮ್ಮ ಮಾಡಿದ ತಿಂಡಿ ತಿಂದು ಅದೇ ದಿನ ಡ್ಯೂಟಿ ಮಾಡಿದ್ದೇನೆ. ರೋಸ್ಟರ್ ತಡವಾಗಿ ಬದಲಾದಾಗ ಟಿಕೆಟ್ ಸಿಗದೆ ಪರದಾಟ ಇದ್ದೇ ಇದೆ. ರಿಸರ್ವೇಷನ್ ಚಾರ್ಟ್ ಆದ ಮೇಲೆ ಉಳಿದ ಸೀಟು ಕೊಡುವ ಕರೆಂಟ್ ಬುಕಿಂಗ್ ನೋಡಿ, ನನಗೆ ಎರಡು ಸಲ ಸಿಕ್ಕಿದೆ.

ಚಿತ್ರದುರ್ಗದ ಗೆಳತಿಗೆ ಈ ಯಾವ ಸುಖವೂ ಇಲ್ಲ. ಈ ರೈಲು ಅರಸೀಕೆರೆ, ಬೀರೂರು, ಚಿಕ್ಕಜಾಜೂರು ಸುತ್ತಿಕೊಂಡು ಬರುತ್ತದೆ, ದುರ್ಗ ಮುಟ್ಟುವುದಿಲ್ಲ. ಇದನ್ನು ಹತ್ತಬೇಕಾದರೆ ಅವಳು ಸುಮಾರು 60 ಕಿ.ಮೀ. ಹಿಂದಕ್ಕೆ ದಾವಣಗೆರೆಗೆ ಬರಬೇಕು, ಅದಕ್ಕಿಂತ ಸುಮ್ನೆ ಬಸ್ ಹತ್ತುತ್ತಾಳೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ಮುಗಿದರೆ ಮೊದಲು ಖುಷಿಪಡುವವಳು ಅವಳೇ. ಶಿವಮೊಗ್ಗ ಏರ್‌ಪೋರ್ಟ್ 2023ರಲ್ಲಿ ಆಯಿತಲ್ಲ, ಅಲ್ಲಿಂದ ಹೋಗು ಅಂತ ಕೆಲವರು ನನಗೆ ಅನ್ನುತ್ತಾರೆ. ಆದರೆ ಏರ್‌ಲೈನ್ ಸಿಬ್ಬಂದಿಗೆ ಕೊಡುವ ಸ್ಟಾಫ್ ಟಿಕೆಟಲ್ಲಿ ಸೀಟು ಖಾಲಿ ಇದ್ದರೆ ಮಾತ್ರ ಹತ್ತಿಸುತ್ತಾರೆ. ಡ್ಯೂಟಿಗೆ ಹೋಗುವ ದಿನ ಅದನ್ನು ನಂಬಿಕೊಂಡು ಕೂರಲು ಆಗುತ್ತದೆಯೇ?

ರೈಲಿನವರಿಂದ ನನಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಕೇಳಬೇಕಿರುವುದು ನಮ್ಮ ಏರ್‌ಲೈನ್‌ಗಳನ್ನು. ಕ್ರೂ ಕ್ಯಾಬಿಗೆ ಯಶವಂತಪುರ ಸ್ಟೇಷನ್ನನ್ನೂ ಪಿಕಪ್ ಪಾಯಿಂಟ್ ಮಾಡಿ. ಊರಿಂದ ಬರುವವರಿಗೆ ಆಫ್ ಮುಗಿದ ದಿನ ಸಂಜೆ ರಿಪೋರ್ಟಿಂಗ್ ಕೊಡಿ. ನಾನು ಎರಡು ಸಲ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ. ನಿಮ್ಮ ಕಂಪನಿಯಲ್ಲಿ ಯಾರಾದರೂ ಇದನ್ನು ಒಪ್ಪಿಸಿದ್ದರೆ, ಏನಂತ ಬರೆದು ಕೇಳಿದಿರಿ ಅಂತ ದಯವಿಟ್ಟು ತಿಳಿಸಿ.